ರಾಣಿಯನ್ನು ಮಲಗಿಸಬೇಡ

ಅವರು ನಮ್ಮ ಮನೆಗೆ ಬಂದರೆ ಸೋಫಾದ ಮೇಲೆ ಕೂತವರೇ ಅಲ್ಲ. ಬಾಗಿಲ ಪಕ್ಕ ಶೂ ಹಾಕಿಕೊಳ್ಳಲೆಂದು ಇಟ್ಟಿದ್ದ ಸ್ಟೂಲೇ ಅವರ ಆಸನ. "ಒಳಗೆ ಬನ್ನಿ, ಅಲ್ಲಿ ಗಾಳಿ ಹೊಡೆಯುತ್ತೆ" ಎಂದು ನಾನು ಎಷ್ಟು ಬಡಕೊಂಡರೂ ತಲೆಯಾಡಿಸಿ ಅಲ್ಲೇ ಕೂರುತ್ತಿದ್ದರು. ತೊಡೆಯ ಮೇಲೆ ಕೈಚೀಲ, ಎಡ ಅಂಗೈಯಲ್ಲಿ ಫೋನು. ನಮ್ಮನ್ನು ನೋಡಿ ಮಾತಾಡುತ್ತಿದ್ದರೂ ಗಮನವೆಲ್ಲ ಆ ಅಂಗೈಯ ಮೇಲೆ. ಅವರು ತೀರಿಕೊಂಡ ದಿನ ಹೋಗಿ ನೋಡಿದಾಗ ಆ ಎಡಗೈ ಖಾಲಿ ಇತ್ತು. ಬಂದವರೆಲ್ಲ ಅಳುತ್ತಿದ್ದರು. ನನಗೆ ಮಾತ್ರ, ಫೋನ್ ಎಲ್ಲಿಟ್ಟರು, ಈಗ ಅವರ ಮಗಳು ಫೋನ್ ಮಾಡಿಬಿಟ್ಟರೆ ಗತಿಯೇನು ಎಂಬ ಗಾಬರಿ.

ಬರ್ಮಾದವರು. ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿ ರಿಟೈರ್ ಆದವರು. ಗಂಡ ಹೋದ ಮೇಲೆ ಈ ದೂರದೇಶದ ಲೋವರ್ ಹಟ್ ಊರಿನಲ್ಲಿ, ನಮ್ಮ ಎದುರುಮನೆಯಲ್ಲಿದ್ದ ಮಗನ ಹತ್ತಿರ ಬಂದಿದ್ದರು. ಮಗ ಅಡುಗೆಮನೆಯ ಕಪಾಟುಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಇಲ್ಲಿನ ನಮ್ಮ ಕನ್ನಡದ ಹೆಂಗಸರು ಅವರನ್ನೂ ಎಲ್ಲರಂತೆ ಆಂಟಿ ಎಂದರು. ನಾನು ಮಾತ್ರ ಮಗನನ್ನು ಕೇಳಿ ತಿಳಿದುಕೊಂಡು 'ಸಯಾಮಾ' ಎಂದು ಕರೆಯುತ್ತಿದ್ದೆ. ಅವರ ಭಾಷೆಯಲ್ಲಿ ಹಾಗೆಂದರೆ ಟೀಚರಮ್ಮ. ಮೊದಲ ಸಲ ಹಾಗೆ ಕರೆದಾಗ ಅವರ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಕೆನ್ನೆಗೆ ಯಾವುದೋ ತೊಗಟೆಯನ್ನು ಗಂಧ ತೇಯ್ದ ಹಾಗೆ ತೇಯ್ದು ಹಚ್ಚಿಕೊಳ್ಳುತ್ತಿದ್ದರು. ಕೈಯಲ್ಲಿ ಒಂದು ಛತ್ರಿ ಸದಾ ಇರುತ್ತಿತ್ತು, ಆದರೆ ಅದನ್ನು ಬಿಚ್ಚಿದ್ದು ನಾನು ಕಾಣೆ. ಈ ಊರಿನ ಗಾಳಿಯಲ್ಲಿ ಛತ್ರಿ ಬಿಚ್ಚುವವರು ಹೊಸಬರು ಮಾತ್ರ, ಅದನ್ನು ಅವರು ಬಂದ ವಾರದಲ್ಲೇ ಕಲಿತಿದ್ದರು. ಹಾಗಿದ್ದರೆ ತರುವುದೇಕೆ ಎಂದು ಕೇಳಿದರೆ, "ಬರಿಗೈಯಲ್ಲಿ ನಡೆದ್ರೆ ಯಾರೋ ಹಿಂದೆ ಬರ್ತಿದಾರೆ ಅನ್ಸುತ್ತೆ" ಎಂದರು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲೇ. ಅವರದು ಅವರ ಇಂಗ್ಲಿಷು, ನನ್ನದು ಮೈಸೂರು ಇಂಗ್ಲಿಷು. ನನ್ನ ಕಿವಿಗೆ ಅದು ಕನ್ನಡವಾಗಿ ಬಿದ್ದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ನನ್ನ ಗೆಳೆತನ ಶುರುವಾದದ್ದು ದಸರೆಯ ಗೊಂಬೆಯಿಂದ, ಅದೂ ನನ್ನ ಮಾನ ಹೋಗುವ ರೀತಿಯಲ್ಲಿ. ನನ್ನ ಮದುವೆಗೆ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳು, ಮರದ ರಾಜ ರಾಣಿ, ಮೈಸೂರಿನಿಂದ ನನ್ನ ಜೊತೆ ಹೊರಟಿದ್ದವು. ಇಲ್ಲಿಯ ಏರ್‌ಪೋರ್ಟಿನಲ್ಲಿ ಮರದ ಸಾಮಾನನ್ನೆಲ್ಲ ತೆಗೆದು ನೋಡುತ್ತಾರೆ. ರಾಜನ ಪಾದದಲ್ಲಿ ಹುಳ ಕೊರೆದ ತೂತುಗಳು ಕಂಡವು. ಔಷಧಿ ಹೊಡೆಸಿ ಆಮೇಲೆ ಒಯ್ಯಬಹುದು, ಇಲ್ಲದಿದ್ದರೆ ಇಲ್ಲೇ ನಾಶಮಾಡುತ್ತೇವೆ ಎಂದು ಆ ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು. ನನ್ನ ಗಂಡ ನಿದ್ದೆಗಣ್ಣಿನಲ್ಲಿ, "ಬಿಡು ಮಾರಾಯ್ತಿ, ಒಂದು ಗೊಂಬೆ ತಾನೆ" ಎಂದುಬಿಟ್ಟರು. ಆ ಮಾತಿಗೆ ನಾನು ಇವತ್ತಿಗೂ ಅವರನ್ನು ಕ್ಷಮಿಸಿಲ್ಲ.

ರಾಣಿ ಒಬ್ಬಳನ್ನೇ ಮೇಲಿನ ಮೆಟ್ಟಿಲಲ್ಲಿ ಕೂರಿಸುವುದುಂಟೇ? ಜಂಬೂಸವಾರಿಯ ಸೆಟ್ಟಿನಿಂದ ಒಬ್ಬ ಸಿಪಾಯಿಯನ್ನು ಎತ್ತಿ, ಹಳೆಯ ಜರಿ ರವಿಕೆಯ ಬಟ್ಟೆಯಲ್ಲಿ ಪೇಟ ಸುತ್ತಿ, ಶಲ್ಯ ಹೊದಿಸಿ, ಅವಳ ಪಕ್ಕದಲ್ಲಿ ನಿಲ್ಲಿಸಿದೆ. ಹಾಗೆ ಎಷ್ಟೋ ದಸರೆ ಕಳೆದವು. ಒಬ್ಬರೂ ಗುರುತು ಹಿಡಿಯಲಿಲ್ಲ. ಎಲ್ಲರೂ ಬಂದು, ಫೋಟೊ ತೆಗೆದುಕೊಂಡು, ಸುಂಡಲ್ ತಿಂದು ಹೋಗುವವರು.

ಸಯಾಮಾ ಬಂದರು. ಕೈ ಮುಗಿದರು, ಬಗ್ಗಿ ನೋಡಿದರು. ಕೋಣೆಯ ತುಂಬ ಹೆಂಗಸರು. ಚರಿತ್ರೆ ಟೀಚರ್ ತಾನೆ, ಒಂದೊಂದು ಮೆಟ್ಟಿಲನ್ನೂ ಪರೀಕ್ಷೆಯ ಪೇಪರಿನಂತೆ ತಿದ್ದುತ್ತ ಹೋದರು. ಮೇಲಿನ ಮೆಟ್ಟಿಲಿಗೆ ಬಂದು ನಿಂತುಬಿಟ್ಟರು.

"ಇವನು ರಾಜ ಅಲ್ಲ."

"ರಾಜನೇ ಸಯಾಮಾ" ಎಂದೆ.

"ಶಲ್ಯದ ಕೆಳಗೆ ಬೂಟು ಹಾಕ್ಕೊಂಡಿದಾನೆ. ಕಾಲು ಜೋಡಿಸಿ ಅಟೆನ್ಷನ್‌ನಲ್ಲಿ ನಿಂತಿದಾನೆ. ರಾಜರು ಯಾರ ಮುಂದೆ ಹೀಗೆ ನಿಲ್ತಾರೆ? ಇವನು ಸೋಲ್ಜರ್."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆಗಾಗ ಭೂಕಂಪವಾಗುವ ಈ ಊರಿನಲ್ಲಿ ಅದು ಆಗದ ಮಾತೇನೂ ಅಲ್ಲ. ಎಲ್ಲರ ಮುಂದೆ ಏರ್‌ಪೋರ್ಟಿನ ಕಥೆ ಹೇಳಬೇಕಾಯಿತು. ಸಯಾಮಾ ನಕ್ಕರು. ಹೊಟ್ಟೆ ಹಿಡಿದು, ಕಣ್ಣೀರು ಬರುವ ಹಾಗೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ಮತ್ತೆ ನಾನು ಕಾಣಲಿಲ್ಲ. ಆಮೇಲೆ ಥಟ್ಟನೆ ನಿಲ್ಲಿಸಿ, "ನಮ್ಮಲ್ಲೂ ಹೀಗೇ ಇತ್ತು ಕಣಮ್ಮ" ಎಂದರು. "ರಾಜ ಹೋದ್ರೆ ಸಿಂಹಾಸನ, ಆನೆ, ರಾಣಿ, ಎಲ್ಲಾ ಹೊಸಬನಿಗೆ. ರಾಣಿ ಪಕ್ಕದಲ್ಲಿದ್ರೆ ತಾನೆ ಅವನು ರಾಜ ಅಂತ ಜನ ಒಪ್ಪೋದು? ಒಬ್ಬಳ ಕಥೆ ಹೇಳ್ತೀನಿ ಬಾ. ಪರೀಕ್ಷೆಗೆ ಬರಲ್ಲ, ಆದ್ರೂ ಕೇಳು."

ಹೀಗೆ ಅವರು ಭಾನುವಾರಗಳಲ್ಲಿ ಬರತೊಡಗಿದರು. ಕಥೆಯ ರಾಣಿ ಎಷ್ಟೋ ನೂರು ವರ್ಷ ಹಿಂದಿನವಳು, ಐರಾವತಿ ನದಿಯ ದಂಡೆಯ ಒಂದು ರಾಜ್ಯದವಳು. ಅವಳ ಹೆಸರನ್ನು ಸಯಾಮಾ ಹೇಳಲೇ ಇಲ್ಲ, 'ಅವಳು' ಎಂದೇ ಹೇಳುತ್ತಿದ್ದರು. ಅವಳನ್ನು ಪಟ್ಟದ ರಾಣಿ ಮಾಡಿಕೊಂಡ ರಾಜ ಸತ್ತ. ತಮ್ಮ ಪಟ್ಟಕ್ಕೆ ಬಂದ, ಅವಳು ಅವನ ರಾಣಿ. ಅವನನ್ನು ದಾಳಿ ಮಾಡಿದವರು ಹೊತ್ತೊಯ್ದರು. ಇನ್ನೊಬ್ಬ ಸಹೋದರ ಬಂದ, ಅವಳು ಅವನ ರಾಣಿ. ಅವನನ್ನು ಕೊಂದು ನದಿಯಾಚೆಯ ಒಬ್ಬ ಬಿಸಿರಕ್ತದ ಹುಡುಗ ಬಂದ, ಅವಳು ಅವನಿಗೂ ರಾಣಿ. ಅರಮನೆಯ ಕಂಬಗಳ ಹಾಗೆ ಅವಳು ಅಲ್ಲೇ.

"ಅವಳಿಗೆ ಹೇಗನ್ನಿಸ್ತಿತ್ತೋ?" ಎಂದು ನಾನು ಕೇಳಿದೆ.

"ಅದನ್ನ ಯಾರೂ ಬರೆದಿಟ್ಟಿಲ್ಲ" ಎಂದು ಸಯಾಮಾ ಬೆರಳ ಗೆಣ್ಣಿನಿಂದ ಸ್ಟೂಲನ್ನು ಕುಟ್ಟಿದರು. ತರಗತಿಯಲ್ಲಿ ಮೇಜು ಕುಟ್ಟುತ್ತಿದ್ದ ಅಭ್ಯಾಸ. "ಹೊರಗೆ ಗಲಾಟೆ ಆದಾಗೆಲ್ಲ ಅವಳು ಒಳಗೆ ಕೂತು ಕಿವಿ ಕೊಟ್ಟು ಕೇಳಿರ್ತಾಳೆ. ಗೆದ್ದಿದ್ದು ಯಾರು? ಈ ಸಲ ಬಾಗಿಲು ತೆಗೆಯೋದು ಯಾರು? ನನಗಷ್ಟು ಗೊತ್ತು."

ಅಷ್ಟು ಹೇಗೆ ಗೊತ್ತು ಎನ್ನುವುದು ನನಗೆ ತಿಳಿಯಲು ಚಳಿಗಾಲ ಬರಬೇಕಾಯಿತು. ಅವರ ಮಗಳು ಬರ್ಮಾದಲ್ಲೇ ಇದ್ದಳು. ಅಳಿಯ ಸೈನ್ಯದಲ್ಲಿ ಕ್ಯಾಪ್ಟನ್. ಸೈನ್ಯ ಅಧಿಕಾರ ಹಿಡಿದು, ಊರಿಗೆ ಊರೇ ಅದರ ವಿರುದ್ಧ ಎದ್ದಿತ್ತು. ಆಫೀಸರುಗಳ ಹೆಂಡಿರು ದಂಡಿನ ಕಾಂಪೌಂಡು ಬಿಟ್ಟು ಹೊರಗೆ ಹೋಗುವ ಹಾಗಿಲ್ಲ. ಹೆಂಡತಿ ಒಳಗಿದ್ದರೆ ತಾನೆ ಗಂಡ ಕೈಕೊಟ್ಟು ಓಡಿಹೋಗದೆ ಇರುವುದು? ಆ ಹುಡುಗನಿಗೆ ಸ್ವಂತ ಜನರ ಮೇಲೆ ಗುಂಡು ಹಾರಿಸುವ ಕೆಲಸ ಬೇಡವಾಗಿತ್ತು, ಬಿಡುವ ದಾರಿ ಇರಲಿಲ್ಲ. ಇಲ್ಲಿನ ಬರ್ಮಾದವರೆಲ್ಲ ಸೈನ್ಯದಿಂದ ನೊಂದು ಬಂದವರು. ಇಲ್ಲಿಯ ಬೌದ್ಧ ವಿಹಾರದಲ್ಲಿ ಯಾರೋ "ನಿಮ್ಮ ಅಳಿಯ ಏನ್ ಮಾಡ್ತಾರೆ?" ಎಂದು ಕೇಳಿದ್ದಕ್ಕೆ ಸಯಾಮಾ "ಔಷಧಿ ಅಂಗಡಿ" ಎಂದುಬಿಟ್ಟರಂತೆ. ಸುಳ್ಳು ಹೇಳಿದೆನಲ್ಲ, ಅದೂ ಬುದ್ಧನ ಎದುರಿಗೆ, ಎಂದು ಆಮೇಲೆ ಅಲ್ಲಿಗೆ ಹೋಗುವುದನ್ನೇ ಬಿಟ್ಟರು. ತಮ್ಮವರ ಹತ್ತಿರ ಆಡಲಾಗದ ಮಾತನ್ನು ಆಡಲು ಅವರಿಗೆ ಸಿಕ್ಕಿದ್ದು ಮೈಸೂರಿನ ನಾನು.

ಮಗಳ ಫೋನು ಭಾನುವಾರ ಮಧ್ಯಾಹ್ನ ಬರುತ್ತಿತ್ತು, ಅಲ್ಲಿಗೆ ಬೆಳಗ್ಗೆ. ಯಾರು ಕೇಳಿಸಿಕೊಳ್ಳುತ್ತಾರೋ ಎಂಬ ಭಯಕ್ಕೆ ತಾಯಿ ಮಗಳು ಅಡುಗೆ ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ. ಮೀನಿನ ಸಾರಿಗೆ ಎಷ್ಟು ಲಿಂಬೆಹುಲ್ಲು, ಈ ಸಲ ಅಕ್ಕಿ ಹೇಗಿದೆ, ಇಷ್ಟೇ. ಫೋನ್ ಇಟ್ಟ ಮೇಲೆ ಸಯಾಮಾರ ಉಸಿರು ಒಂದು ಹದಕ್ಕೆ ಬರುತ್ತಿತ್ತು. ಛತ್ರಿ ಹಿಡಿದು ನಮ್ಮ ಬಾಗಿಲಿಗೆ ಬಂದು "ಇವತ್ತು ಕುಂಬಳಕಾಯಿ ಮಾಡಿದಾಳೆ" ಎಂದರೆ ಆ ವಾರ ಕ್ಷೇಮ ಎಂದರ್ಥ. ಬರಬರುತ್ತ ನನಗೂ ಆ ರೋಗ ಅಂಟಿತು. ನಾನು ಕೆಲಸ ಮಾಡುವುದು ಕಾಂಕ್ರೀಟು ಎಷ್ಟು ಅಲುಗಿದರೆ ಬಿರುಕು ಬಿಡುತ್ತದೆ ಎಂದು ನೋಡುವ ಲ್ಯಾಬಿನಲ್ಲಿ. ಹೆದರುವುದಕ್ಕೇ ನನಗೆ ಸಂಬಳ. ಭಾನುವಾರ ಎರಡು ಗಂಟೆಯಾಯಿತೆಂದರೆ ಕಿಟಕಿಯ ಹತ್ತಿರ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದೆ. ಎದುರುಮನೆಯ ಬಾಗಿಲು ತೆರೆಯುವತನಕ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಯಾವಾಗಲೂ ಅಳುಮುಂಜಿಯಾಗಿದ್ದವರೆಂದು ತಿಳಿಯಬೇಡಿ. ಒಂದು ಸಲ ಉಪ್ಪಿನಲ್ಲಿ ಹಾಕಿದ ಚಹಾ ಎಲೆಗೆ ಕಡಲೆಬೀಜ, ಎಳ್ಳು, ಹುರಿದ ಬೆಳ್ಳುಳ್ಳಿ ಕಲಸಿ ತಂದರು. ನನ್ನ ಗಂಡ ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವರು. ಎರಡು ಸಲ ಹಾಕಿಸಿಕೊಂಡು, "ನೀನೂ ಕಲ್ತ್ಕೋ, ಚುರುಮುರಿಗಿಂತ ಚೆನ್ನಾಗಿದೆ" ಎಂದು ನನಗೇ ಉಪದೇಶ ಮಾಡಿದರು. ತಟ್ಟೆ ಖಾಲಿಯಾದ ಮೇಲೆ ಸಯಾಮಾ, "ಒಣಸೀಗಡಿ ಜಾಸ್ತಿಯಾಯ್ತೇನೋ" ಎಂದರು. ನನ್ನ ಗಂಡನ ಮುಖ ನೋಡಬೇಕಿತ್ತು! ಏರ್‌ಪೋರ್ಟಿನಲ್ಲಿ ಹೋದ ನನ್ನ ರಾಜನ ಸೇಡು ತೀರಿತು ಎಂದುಕೊಂಡೆ.

ಕಥೆ ಒಂದು ಕಡೆ ಬಂದು ನಿಂತಿತ್ತು. ಆ ಬಿಸಿರಕ್ತದ ರಾಜನಿಗೆ ಸಿಡುಬು ಬಂತು. ಸಾಯುವುದು ಖಚಿತವಾಯಿತು, ಮಕ್ಕಳಿಲ್ಲ. ತಾನು ಕಣ್ಣುಮುಚ್ಚಿದರೆ ಮುಂದೆ ಬರುವವನು ಅವಳನ್ನೂ ತನ್ನವಳಾಗಿ ಮಾಡಿಕೊಳ್ಳುತ್ತಾನೆ ಎನ್ನುವುದನ್ನು ಅವನಿಂದ ಸಹಿಸಲಾಗಲಿಲ್ಲ. ನಂಬಿಕಸ್ಥ ಸಿಪಾಯಿಯೊಬ್ಬನನ್ನು ಕರೆದು, ಹೋಗಿ ರಾಣಿಯನ್ನು ಕೊಂದು ಬಾ ಎಂದ. ಸಿಪಾಯಿ ಕತ್ತಿ ಹಿರಿದುಕೊಂಡು ಅಂತಃಪುರಕ್ಕೆ ಬಂದ.

"ಆಮೇಲೆ?"

"ಕೊಲ್ಲೋಕೆ ಕೈ ಬರಲಿಲ್ಲ. ಅವಳನ್ನ ಕರ್ಕೊಂಡು ಓಡಿಹೋದ."

"ಆಮೇಲೆ ಏನಾಯ್ತು?"

ಸಯಾಮಾ ಫೋನು ನೋಡಿಕೊಂಡು ಎದ್ದರು. "ಮುಂದಿನ ವಾರ." ಮುಂದಿನ ವಾರ ಕೇಳಿದರೆ ಮತ್ತೂ ಮುಂದಿನ ವಾರ. ಎಷ್ಟು ಪೀಡಿಸಿದರೂ ಆ ಓಡಿಹೋದದ್ದರಿಂದ ಆಚೆಗೆ ಕಥೆಯನ್ನು ಅವರು ಒಂದು ಹೆಜ್ಜೆ ಸರಿಸಲಿಲ್ಲ.

ಮರುವರ್ಷದ ದಸರೆ ಬಂತು. ಗೊಂಬೆಗಳನ್ನು ಕೂರಿಸಿದೆ. ಇಲ್ಲಿ ಯಾವ ಗಳಿಗೆಯಲ್ಲಿ ನೆಲ ಅಲುಗುತ್ತದೋ ಹೇಳಲಾಗದು, ಆದ್ದರಿಂದ ಒಂದೊಂದರ ಕಾಲಡಿಗೂ ಬ್ಲೂ ಟ್ಯಾಕ್ ಎನ್ನುವ ಅಂಟುಮೇಣ ಅಂಟಿಸಿಯೇ ನಿಲ್ಲಿಸುವುದು. ನವರಾತ್ರಿಯ ನಡುವಿನ ಭಾನುವಾರ ಸಯಾಮಾ ಛತ್ರಿಯನ್ನೂ ಮರೆತು ಬಂದರು. ಕೆನ್ನೆಯ ಲೇಪ ಅರ್ಧಕ್ಕೇ ನಿಂತಿತ್ತು.

"ಇವತ್ತು ಅಡುಗೆ ಮಾತಾಡಲಿಲ್ಲ. ಅತ್ತೆ ಮನೆಗೆ ಹೋಗ್ತಿದೀವಿ ಅಮ್ಮ, ಕೆಲವು ದಿನ ಫೋನ್ ಸಿಗಲ್ಲ ಅಂದ್ಲು."

"ಒಳ್ಳೇದಾಯ್ತಲ್ಲ, ಹೋಗಿ ಬರಲಿ" ಎಂದೆ ನಾನು, ಪೆದ್ದಿ.

"ಅವಳ ಅತ್ತೆ ಸತ್ತು ಎಷ್ಟೋ ವರ್ಷ ಆಯ್ತು. ಮನೆಯೂ ಇಲ್ಲ."

ನನಗೆ ಆಗ ಹೊಳೆಯಿತು. ಗಂಡ ಹೆಂಡತಿ ದಂಡು ಬಿಟ್ಟು ಓಡಿದ್ದರು. ಸಿಕ್ಕಿಬಿದ್ದರೆ ಅವನ ಗತಿ ಏನು, ಅವಳ ಗತಿ ಏನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಅವರಿಗೆ ಹೇಳುವ ಧೈರ್ಯವೂ ಆಗಲಿಲ್ಲ. ಗಡಿ ದಾಟಿದರೆ ಫೋನು ಬರುತ್ತದೆ. ಬರುವವರೆಗೆ ಏನೂ ಗೊತ್ತಾಗುವುದಿಲ್ಲ.

ವಿಜಯದಶಮಿಯ ಸಂಜೆಯಾದರೂ ಫೋನು ಬರಲಿಲ್ಲ. ಆ ಸಂಜೆ ಆರತಿ ಮಾಡಿ ಪಟ್ಟದ ಗೊಂಬೆಗಳನ್ನು ಮಲಗಿಸುವುದು ನಮ್ಮಲ್ಲಿ ರೂಢಿ. ಮಲಗಿಸಿದರೆ ದಸರೆ ಮುಗಿಯಿತು, ಮಾರನೆಯ ದಿನ ಎಲ್ಲವನ್ನೂ ಬಟ್ಟೆ ಸುತ್ತಿ ಪೆಟ್ಟಿಗೆಗೆ ಹಾಕುವುದು. ಹಿಂದಿನ ವರ್ಷ ಸಯಾಮಾ ಇದನ್ನೆಲ್ಲ ಸ್ಟೂಲಿನ ಮೇಲೆ ಕೂತು ನೋಡಿದ್ದರು. ಈ ಸಲ ನಾನು ಆರತಿ ಮುಗಿಸಿ ರಾಣಿಯ ಕಡೆ ಕೈ ಚಾಚಿದ್ದೇ ತಡ, ಅವರು ಎದ್ದು ಒಳಗೆ ಬಂದರು. ನಮ್ಮ ಮನೆಯ ಒಳಗೆ ಅವರು ಅಷ್ಟು ದೂರ ಬಂದದ್ದು ಅದೇ ಎರಡನೇ ಸಲ.

"ಅವಳನ್ನ ಮಲಗಿಸಬೇಡ."

"ಸಯಾಮಾ, ಇವತ್ತು ಮಲಗಿಸ್ಲೇಬೇಕು. ನಮ್ಮ ಶಾಸ್ತ್ರ."

"ನನ್ನ ಮಗಳು ಎಲ್ಲೋ ಕಾಡಲ್ಲಿ ನಡೀತಿದಾಳೆ. ನಿನ್ನ ರಾಣಿ ಹೇಗೆ ಮಲಗ್ತಾಳೆ?"

ನಾನು ಶಾಸ್ತ್ರ ಎಂದರೆ ಜೀವ ಬಿಡುವವಳು. ಅಮ್ಮ ಇದ್ದಿದ್ದರೆ ಏನೆನ್ನುತ್ತಿದ್ದಳೋ. ನನ್ನ ಗಂಡ ಮೆಲ್ಲಗೆ, "ಬಿಡೇ, ನಿಂತಿರಲಿ" ಎಂದರು. ಈ ಸಲದ ಅವರ 'ಬಿಡು' ನನಗೆ ಸಿಟ್ಟು ತರಿಸಲಿಲ್ಲ. ಬೇರೆ ಗೊಂಬೆಗಳೆಲ್ಲ ಪೆಟ್ಟಿಗೆ ಸೇರಿದವು. ಜೋಡಿಯನ್ನು ಅಗಲಿಸಬಾರದೆಂದು ಸಿಪಾಯಿ ರಾಜನೂ ರಾಣಿಯ ಜೊತೆಗೆ ಪುಸ್ತಕದ ಶೆಲ್ಫಿನ ಮೇಲೆ ನಿಂತ.

ಆಮೇಲಿನ ತಿಂಗಳುಗಳಲ್ಲಿ ಸಯಾಮಾ ಭಾನುವಾರ ಮಾತ್ರವಲ್ಲ, ದಿನವೂ ಬರುತ್ತಿದ್ದರು. ಬಂದವರು ಸ್ಟೂಲಿನಿಂದಲೇ ಕತ್ತು ಉದ್ದ ಮಾಡಿ ರಾಣಿ ನಿಂತಿದ್ದಾಳೆಯೇ ಎಂದು ನೋಡಿ, "ಸರಿ" ಎನ್ನುತ್ತಿದ್ದರು. ಮಾತು ಕಡಿಮೆಯಾಯಿತು. ಯಾರ ಫೋನು ಬಡಿದರೂ ಬೆಚ್ಚುತ್ತಿದ್ದರು. ಮಗ ಗಡಿಯ ಕಡೆಯ ಪರಿಚಯದವರನ್ನೆಲ್ಲ ವಿಚಾರಿಸಿ ಸೋತಿದ್ದ. ಒಂದು ಸಂಜೆ ನೆಲ ಅಲುಗಿತು. ಇಲ್ಲಿಯ ಲೆಕ್ಕಕ್ಕೆ ಸಣ್ಣದೇ, ಆದರೆ ಶೆಲ್ಫಿನ ಪುಸ್ತಕಗಳು ದಬದಬನೆ ಉದುರಿದವು. ನಾವು ಮೇಜಿನ ಕೆಳಗಿಂದ ಹೊರಗೆ ಬರುವುದರೊಳಗೆ ಬಾಗಿಲು ಬಡಿಯುವ ಸದ್ದು. ಸಯಾಮಾ ಚಪ್ಪಲಿಯಿಲ್ಲದೆ ರಸ್ತೆ ದಾಟಿ ಓಡಿಬಂದಿದ್ದರು.

"ಬಿದ್ಲಾ?"

"ಇಲ್ಲ ಸಯಾಮಾ. ನಿಂತಿದಾಳೆ. ನೋಡಿ."

ಬ್ಲೂ ಟ್ಯಾಕ್ ಕೈಬಿಟ್ಟಿರಲಿಲ್ಲ. ಅವರು ಶೆಲ್ಫಿನ ಎದುರು ನೆಲಕ್ಕೆ ಕುಸಿದು ಕೂತು ಜೋರಾಗಿ ಅತ್ತುಬಿಟ್ಟರು. ನಾನು ಪಕ್ಕದಲ್ಲಿ ಕೂತು ಅವರ ಕಾಲಿಗೆ ಅಂಟಿದ್ದ ಜಲ್ಲಿಕಲ್ಲು ತೆಗೆಯುತ್ತ ನಾನೂ ಅತ್ತೆ.

ಚಳಿಗಾಲದಲ್ಲಿ ಒಂದು ಬೆಳಗ್ಗೆ ಅವರು ಏಳಲಿಲ್ಲ. ಹೃದಯ ನಿಂತಿತ್ತು ಎಂದರು ಡಾಕ್ಟರು. ಮಗ ಫೋನನ್ನು ನನ್ನ ಕೈಗೆ ಕೊಟ್ಟು, "ಆಂಟಿ, ಕೆಲಸದ ಹೊತ್ತಲ್ಲಿ ಮೆಷಿನ್ ಸದ್ದಿಗೆ ನಂಗೆ ಕೇಳ್ಸಲ್ಲ. ನಿಮ್ಮತ್ರ ಇರ್ಲಿ" ಎಂದ. ಅಡುಗೆ ಮಾಡುವಾಗ, ಲ್ಯಾಬಿನಲ್ಲಿ, ಟ್ರೇನಿನಲ್ಲಿ, ಎಲ್ಲ ಕಡೆ ಅದು ನನ್ನ ಬಳಿ ಇರುತ್ತಿತ್ತು. ಎಡ ಅಂಗೈಯಲ್ಲೇ ಹಿಡಿಯುತ್ತಿದ್ದೆ ಎನ್ನುವುದು ನನಗೇ ತಡವಾಗಿ ಗಮನಕ್ಕೆ ಬಂತು.

ಫೋನು ಬಂದದ್ದು ಅವರು ತೀರಿಕೊಂಡ ತಿಂಗಳಲ್ಲೇ. ಗೊತ್ತಿಲ್ಲದ ನಂಬರು. ನಾನು 'ಹಲೋ' ಎಂದೆ. ಆ ಕಡೆ ಒಂದು ಹೆಣ್ಣುದನಿ ಬರ್ಮೀಸಿನಲ್ಲಿ ಒಂದೇ ಪದ ಹೇಳಿತು. ಆ ಭಾಷೆ ನನಗೆ ಬಾರದು, ಆದರೆ ಅಮ್ಮನನ್ನು ಕರೆಯುವ ದನಿ ಯಾವ ಭಾಷೆಯಲ್ಲೂ ತಿಳಿಯುತ್ತದೆ. "ಬ್ರದರ್, ಬ್ರದರ್" ಎನ್ನುತ್ತ ಎದುರುಮನೆಗೆ ಓಡಿ ಮಗನ ಕೈಗೆ ಫೋನು ಕೊಟ್ಟೆ. ಶನಿವಾರವಾದ್ದರಿಂದ ಅವನು ಮನೆಯಲ್ಲಿದ್ದ. ಅವನು ಮಾತಾಡುತ್ತ ಮಾತಾಡುತ್ತ ಗೋಡೆಗೆ ಹಣೆ ಒತ್ತಿದ್ದನ್ನು ಕಂಡು ಹೊರಗೆ ಬಂದುಬಿಟ್ಟೆ.

ಸಯಾಮಾರ ಮಗಳು ಇಲ್ಲಿಗೆ ಬರುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು. ದಸರೆ ಬಂತು, ಈಗಾಗಲೇ ನಿಂತಿದ್ದ ರಾಜ ರಾಣಿಯ ಸುತ್ತ ಉಳಿದ ಗೊಂಬೆಗಳನ್ನು ಜೋಡಿಸಿದೆ, ಮತ್ತೆ ತೆಗೆದಿಟ್ಟೆ. ಅವರಿಬ್ಬರು ನಿಂತೇ ಇದ್ದರು. ಕಡೆಗೆ ಹೋದ ತಿಂಗಳು ಅವಳ ಅಣ್ಣ ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ತೆಳ್ಳಗೆ, ತಾಯಿಯದೇ ನೆಟ್ಟಗಿನ ಬೆನ್ನು. ಒಬ್ಬಳೇ ಬಂದಿದ್ದಳು.

ನಾನು ಕಾಫಿ ಕೊಟ್ಟೆ. ಶೆಲ್ಫು ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ಸಿಪಾಯಿಯ ಬೂಟು ನೋಡಿ ಅವಳ ತುಟಿ ಸ್ವಲ್ಪ ಅರಳಿತು.

"ಆ ರಾಣಿ ಕಥೆ ಅಮ್ಮ ನಿಮಗೂ ಹೇಳಿದ್ರಾ? ಪರೀಕ್ಷೆಗೆ ಬರಲ್ಲ ಅಂತ?"

"ಓಡಿಹೋದ್ರು ಅನ್ನೋವರೆಗೆ ಹೇಳಿದ್ರಮ್ಮ. ಆಮೇಲಿಂದು ಹೇಳಲೇ ಇಲ್ಲ."

"ಹೇಳಿರಲ್ಲ. ಆಮೇಲೆ ಹೊಸ ರಾಜನ ಸೈನ್ಯ ಬಂತು. ಆ ಸಿಪಾಯಿ ಅವಳನ್ನ ಬಿಟ್ಟು ಓಡಿಹೋದ. ಅವಳು ಸಿಕ್ಕಿಬಿದ್ಲು. ಅವಳನ್ನ ಇನ್ನೊಬ್ಬ ಅಧಿಕಾರಿಗೆ ಕೊಟ್ರು."

ಸಯಾಮಾ ಅಷ್ಟು ದಿನ 'ಮುಂದಿನ ವಾರ, ಮುಂದಿನ ವಾರ' ಎಂದು ಯಾವುದನ್ನು ನುಂಗಿಕೊಂಡು ಕೂತಿದ್ದರು ಎನ್ನುವುದು ಆಗ ನನಗೆ ಅರ್ಥವಾಯಿತು. ಅವಳು ಕಾಫಿ ಲೋಟವನ್ನು ಕೆಳಗಿಟ್ಟಳು.

"ನನ್ನ ಗಂಡ ಹಾಗೆ ಮಾಡಲಿಲ್ಲ ಆಂಟಿ. ಹೊಳೆ ಹತ್ತಿರ ಸೈನ್ಯದವರು ನಮ್ಮನ್ನ ನೋಡಿಬಿಟ್ರು. ನೀನು ದಾಟು, ನಾನು ಈ ಕಡೆ ಓಡ್ತೀನಿ, ಅವರು ನನ್ನ ಹಿಂದೆ ಬರ್ತಾರೆ ಅಂದ. ಹಾಗೇ ಆಯ್ತು. ಸಿಕ್ಕಿದ ಅಂತ ಯಾರೂ ಹೇಳಿಲ್ಲ. ಸತ್ತ ಅಂತಾನೂ ಯಾರೂ ಹೇಳಿಲ್ಲ" ಎಂದಳು.

ಆಮೇಲೆ ಎದ್ದು ಶೆಲ್ಫಿನ ಹತ್ತಿರ ಹೋದಳು. ರಾಣಿಯ ಕಾಲಡಿಯ ಬ್ಲೂ ಟ್ಯಾಕ್ ಗಟ್ಟಿಯಾಗಿತ್ತು. ಉಗುರಿನಿಂದ ಮೆಲ್ಲಮೆಲ್ಲಗೆ ಬಿಡಿಸಿ, ನಾನು ಹಾಸಿದ ರೇಷ್ಮೆ ತುಂಡಿನ ಮೇಲೆ ಅವಳನ್ನು ಮಲಗಿಸಿ, ಅಂಚನ್ನು ಎಳೆದು ಹೊದಿಸಿದಳು. "ಅಮ್ಮ, ನಾನು ಬಂದೆ" ಎಂದು ಹೇಳಿದಳೇನೋ. ಅವರ ಭಾಷೆಯಲ್ಲಿ ಹೇಳಿದ್ದು, ನನಗೆ ಹಾಗೆ ಕೇಳಿಸಿತು.

ಜೋಡಿಯನ್ನು ಅಗಲಿಸಬಾರದಲ್ಲ. ನಾನು ಸಿಪಾಯಿಯ ಕಡೆ ಕೈ ಚಾಚಿದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಬೇಡ ಆಂಟಿ. ಅವನು ಇನ್ನೂ ಬಂದಿಲ್ಲ."

ಅಣ್ಣ ಸೋಫಾದಲ್ಲಿ ಜಾಗ ಮಾಡಿಕೊಟ್ಟ. ಅವಳು ಅತ್ತ ಹೋಗಲಿಲ್ಲ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಹೋಗಿ ಕೂತು, ಎಡ ಅಂಗೈಯಲ್ಲಿ ಫೋನು ಹಿಡಿದುಕೊಂಡಳು.